ವದಂತಿಗಿಂತ ಮೊದಲು ಊರು ತಲುಪುವುದು

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ‘ವೈಮಾನಿಕ ಶಾಸ್ತ್ರ’ ಎಂಬ ಸಂಸ್ಕೃತ ಗ್ರಂಥವನ್ನು ಪರೀಕ್ಷೆಗೆ ಎತ್ತಿಕೊಂಡರು. ಭರದ್ವಾಜ ಮಹರ್ಷಿಯ ಹೆಸರು ಹೊತ್ತಿದ್ದ ಆ ಗ್ರಂಥವನ್ನು ಹೇಳಿ ಬರೆಸಿದವರು ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು, ಅದೂ ಇಪ್ಪತ್ತನೆಯ ಶತಮಾನದಲ್ಲಿ. ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದವರು ಮೈಸೂರಿನ ಜಿ.ಆರ್. ಜೋಸ್ಯರ್. ಎಚ್.ಎಸ್. ಮುಕುಂದ ಮತ್ತು ಸಂಗಡಿಗರು ಅದರ ಭಾಷೆಯ ಲಕ್ಷಣ ನೋಡಿದರು, ಗ್ರಂಥ ಕೈಯಿಂದ ಕೈಗೆ ಬಂದ ಜಾಡು ಹಿಡಿದು ಹಿಂದಕ್ಕೆ ಹೋದರು, ಚಿತ್ರದಲ್ಲಿದ್ದ ವಿಮಾನಗಳನ್ನು ಹಾರಾಟದ ನಿಯಮಗಳಿಗೆ ಒಡ್ಡಿದರು. ಗ್ರಂಥ 1904ಕ್ಕಿಂತ ಹಿಂದಿನದಲ್ಲ, ಅದರಲ್ಲಿನ ಯಾವ ವಿಮಾನವೂ ಹಾರಲಾರದು ಎಂದು ತೀರ್ಮಾನಿಸಿದರು. ಇಷ್ಟು ಪರಿಪೂರ್ಣ ಖಂಡನೆ ಯಾವ ಕಟ್ಟುಕತೆಗೂ ಸಿಗುವುದು ಅಪರೂಪ. ಆದರೂ 41 ವರ್ಷಗಳ ಬಳಿಕ, 2015ರ ಜನವರಿಯಲ್ಲಿ, ಮುಂಬೈಯಲ್ಲಿ ಸೇರಿದ್ದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನಲ್ಲೇ ಪ್ರಾಚೀನ ವಿಮಾನಗಳ ಬಗ್ಗೆ ಅದೇ ಗ್ರಂಥವನ್ನು ನೆಚ್ಚಿದ ಪ್ರಬಂಧವೊಂದು ಮಂಡನೆಯಾಯಿತು. ಆ ಹೊತ್ತಿಗೆ ವಾಟ್ಸ್ಆ್ಯಪ್ ಬಂದಿತ್ತು ನಿಜ. ಆದರೆ ಆ ನಲವತ್ತು ವರ್ಷಗಳ ಬಹುಪಾಲು ಸುಳ್ಳು ಬದುಕಿದ್ದು ವಾಟ್ಸ್ಆ್ಯಪ್ ಇಲ್ಲದೆಯೇ.

ಸುಳ್ಳು ಮಾಹಿತಿಯ ಕಾಲದಲ್ಲಿ ವಿಜ್ಞಾನ ಜನರೊಂದಿಗೆ ಹೇಗೆ ವ್ಯವಹರಿಸಬೇಕು ಎಂಬ ಚರ್ಚೆ ಸಾಮಾನ್ಯವಾಗಿ ಮೊಬೈಲಿನಿಂದ ಶುರುವಾಗಿ ಮೊಬೈಲಿನಲ್ಲೇ ಮುಗಿಯುತ್ತದೆ. ಸುಳ್ಳು ವೇಗವಾಗಿ ಓಡುತ್ತದೆ, ನಿಜ ಕುಂಟುತ್ತದೆ, ಆದ್ದರಿಂದ ನಿಜಕ್ಕೂ ವೇಗ ಕೊಡೋಣ ಎಂಬ ವಾದ. ಅದಕ್ಕೆ ಪುರಾವೆಯೂ ಉಂಟು. ಅಮೆರಿಕದ ಎಂಐಟಿಯ ಸೊರೂಶ್ ವೊಸೂಗಿ ಮತ್ತು ಸಹೋದ್ಯೋಗಿಗಳು 2006ರಿಂದ 2017ರವರೆಗೆ ಟ್ವಿಟರಿನಲ್ಲಿ ಹರಿದಾಡಿದ ಸುದ್ದಿಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸುಳ್ಳು ಸುದ್ದಿಯನ್ನು ಜನ ಮುಂದಕ್ಕೆ ಕಳಿಸುವ ಸಾಧ್ಯತೆ ನಿಜಕ್ಕಿಂತ ಶೇ 70ರಷ್ಟು ಹೆಚ್ಚು. ಹರಡುತ್ತಿದ್ದವರು ಯಂತ್ರಗಳಲ್ಲ, ಮನುಷ್ಯರೇ ಎಂಬುದೂ ಅದೇ ಅಧ್ಯಯನದಲ್ಲಿದೆ. ಆದರೆ ವೇಗದ ಲೆಕ್ಕ ಒಂದು ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ. ಇಬ್ಬರು ಎರಡು ಮಾತು ಹೇಳಿದಾಗ ಜನ ಒಬ್ಬರನ್ನು ನಂಬಿ ಇನ್ನೊಬ್ಬರನ್ನು ಬಿಡುವುದು ಯಾಕೆ? ಇಲ್ಲಿ ನಾನು ಮುಂದಿಡುವ ವಾದ ಇಷ್ಟು: ತಮ್ಮ ಪ್ರಶ್ನೆಗೆ ಓಗೊಡುವವರನ್ನು, ತಪ್ಪಾದಾಗ ತಪ್ಪೆಂದು ಒಪ್ಪುವವರನ್ನು, ಬೇರೆ ಕಷ್ಟಕ್ಕೂ ಬಾಗಿಲಿಗೆ ಬಂದವರನ್ನು ಜನ ನಂಬುತ್ತಾರೆ. ಈ ಮೂರನ್ನೂ ವದಂತಿ ಹುಟ್ಟಿದ ಮೇಲೆ ಸಂಪಾದಿಸಲು ಆಗುವುದಿಲ್ಲ.

ಇದಕ್ಕೆ ಎದುರಾದ ತಿಳಿವಳಿಕೆ ಬಹಳ ಹಳೆಯದು, ಸಜ್ಜನರದ್ದು. ಜನರಿಗೆ ವಿಜ್ಞಾನ ಗೊತ್ತಿಲ್ಲ; ತಿಳಿಸಿದರೆ ಅಂಜಿಕೆ, ಅನುಮಾನ, ಮೂಢನಂಬಿಕೆ ಎಲ್ಲ ಕರಗುತ್ತವೆ ಎಂಬುದು ಅದರ ಸಾರ. 1985ರಲ್ಲಿ ಬ್ರಿಟನ್ನಿನ ರಾಯಲ್ ಸೊಸೈಟಿ ಹೊರತಂದ ಬಾಡ್ಮರ್ ವರದಿ ಈ ನಂಬಿಕೆಯ ಮೇಲೆ ನಿಂತಿತ್ತು. ಮರುವರ್ಷವೇ ಆ ನಂಬಿಕೆಗೆ ಪರೀಕ್ಷೆ ಬಂತು. ಚೆರ್ನೋಬಿಲ್ ದುರಂತದ ವಿಕಿರಣ ಮಳೆಯೊಂದಿಗೆ ಇಂಗ್ಲೆಂಡಿನ ಕಂಬ್ರಿಯಾದ ಗುಡ್ಡಗಳ ಮೇಲೆ ಇಳಿಯಿತು. ಕುರಿಗಳ ಮಾರಾಟವನ್ನು ಮೂರು ವಾರ ಮಾತ್ರ ನಿಲ್ಲಿಸಿ, ಅಷ್ಟರಲ್ಲಿ ಸರಿಹೋಗುತ್ತದೆ ಎಂದರು ತಜ್ಞರು. ಅವರ ಲೆಕ್ಕ ಜೇಡಿಮಣ್ಣಿಗೆ ಹೊಂದುವಂಥದ್ದು. ಗುಡ್ಡದ ಹುಳಿಮಣ್ಣಿನಲ್ಲಿ ಸೀಸಿಯಂ ಬಿಗಿಯಾಗಿ ಕೂರುವುದಿಲ್ಲ, ಹುಲ್ಲಿನ ಮೂಲಕ ಮತ್ತೆ ಮತ್ತೆ ಕುರಿಯ ಹೊಟ್ಟೆ ಸೇರುತ್ತದೆ. ಕುರಿಗಳನ್ನು ಬೇಲಿಯೊಳಗೆ ಕೂಡಿಟ್ಟು ಪ್ರಯೋಗ ಮಾಡಲು ಹೊರಟಾಗ, ಬೆಟ್ಟದ ಕುರಿ ಬೇಲಿಯಲ್ಲಿ ಸೊರಗುತ್ತದೆ ಎಂದ ರೈತರ ಮಾತನ್ನೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಆ ಪ್ರಯೋಗವನ್ನೇ ಕೈಬಿಡಬೇಕಾಯಿತು. ಮೂರು ವಾರದ ನಿರ್ಬಂಧ ಕೊನೆಯ ಕೆಲವು ಹೊಲಗಳಿಂದ ತೆಗೆದದ್ದು 2012ರಲ್ಲಿ. ಇದನ್ನು ಹತ್ತಿರದಿಂದ ಅಧ್ಯಯನ ಮಾಡಿದ ಬ್ರಯನ್ ವಿನ್ ತೋರಿಸಿದ್ದು, ರೈತರ ಅವಿಶ್ವಾಸ ಅಜ್ಞಾನದಿಂದ ಬಂದದ್ದಲ್ಲ ಎಂಬುದನ್ನು. ತಜ್ಞರು ಅಳುಕಿಲ್ಲದೆ ಹೇಳಿದ್ದು ಕಣ್ಣೆದುರೇ ಸುಳ್ಳಾಗುವುದನ್ನು ಅವರು ನೋಡಿದ್ದರು.

ಕಂಬ್ರಿಯಾ ದೂರವಾಯಿತು ಎನ್ನುವವರಿಗೆ ಮಲೆನಾಡಿನ ಮಂಗನ ಕಾಯಿಲೆಯಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಬೆಳಕಿಗೆ ಬಂದ ಈ ರೋಗದ ವೈರಸ್ಸನ್ನು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬೇಗನೆ ಗುರುತಿಸಿದರು. ಉಣುಗಿನಿಂದ ಹರಡುತ್ತದೆ ಎಂಬುದೂ ಸ್ಪಷ್ಟವಾಯಿತು. ವಿಜ್ಞಾನದ ಮಟ್ಟಿಗೆ ಅದು ಹೆಮ್ಮೆಯ ಅಧ್ಯಾಯ. 1990ರ ಸುಮಾರಿಗೆ ಲಸಿಕೆ ಬಳಕೆಗೆ ಬಂತು. ಒಂದಲ್ಲ ಎರಡು ಚುಚ್ಚುಮದ್ದು, ಮೇಲೆ ಮತ್ತೆ ಮತ್ತೆ ಬೂಸ್ಟರ್, ಚುಚ್ಚಿದಲ್ಲಿ ನೋವು. ಅಡಿಕೆ ಕೊಯ್ಲಿನ, ಸೊಪ್ಪು ಸೌದೆಯ ದಿನಗಳಲ್ಲಿ ಜನ ತಪ್ಪಿಸಿಕೊಂಡರು. ಲಸಿಕೆ ಹಾಕಿಸಿಕೊಂಡವರಿಗೂ ಜ್ವರ ಬಂತೆಂಬ ಮಾತು ಊರೂರಿನಲ್ಲಿ ಓಡಾಡುತ್ತಿತ್ತು. ಆಗೆಲ್ಲ ಹೊರಗಿನವರ ಬಾಯಲ್ಲಿ ಸಿದ್ಧವಾಗಿದ್ದ ವಿವರಣೆ ಒಂದೇ: ಜನರಿಗೆ ಅರಿವು ಸಾಲದು, ಜಾಗೃತಿ ಮೂಡಿಸಬೇಕು. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಸಾವುಗಳಾದವು. 2022ರಲ್ಲಿ ಸರ್ಕಾರವೇ ಆ ಲಸಿಕೆ ಪರಿಣಾಮಕಾರಿಯಲ್ಲವೆಂದು ನಿಲ್ಲಿಸಿತು. ಮೂರು ದಶಕ ಅನುಮಾನಿಸಿದವರಲ್ಲಿ ಎಲ್ಲರೂ ಸರಿಯಾದ ಕಾರಣಕ್ಕೆ ಅನುಮಾನಿಸಿದ್ದರೆಂದು ನಾನು ಹೇಳುವುದಿಲ್ಲ. ನೋವಿಗೆ ಹೆದರಿದವರಿದ್ದರು, ಗಾಳಿಮಾತಿಗೆ ಹೆದರಿದವರೂ ಇದ್ದರು. ಆದರೆ ಆ ಅನುಮಾನವನ್ನು ರೋಗದ ಲಕ್ಷಣದಂತೆ ಕಾಣುವ ಬದಲು ಮಾಹಿತಿಯಂತೆ ಬರೆದುಕೊಂಡು, ಯಾವ ಊರಿನಲ್ಲಿ ಎಷ್ಟು ಡೋಸ್ ಪಡೆದವರಿಗೆ ಜ್ವರ ಬಂತೆಂದು ವರ್ಷ ವರ್ಷ ಊರವರ ಮುಂದೆಯೇ ಲೆಕ್ಕ ಇಟ್ಟಿದ್ದರೆ ಸತ್ಯ ಇನ್ನೂ ಮೊದಲೇ ಹೊರಬೀಳುತ್ತಿತ್ತು.

ವದಂತಿಯೊಳಗೆ ಹೀಗೆ ಅವಿತಿರುವ ಪ್ರಶ್ನೆಗೆ ಇನ್ನೂ ಒಳ್ಳೆಯ ಉದಾಹರಣೆ ‘ಪ್ಲಾಸ್ಟಿಕ್ ಅಕ್ಕಿ’. ಪಡಿತರದ ಅಕ್ಕಿಯಲ್ಲಿ, ಶಾಲೆಯ ಬಿಸಿಯೂಟದಲ್ಲಿ ಬೇರೆ ಬಣ್ಣದ, ನೀರಿನಲ್ಲಿ ತೇಲುವ ಕಾಳುಗಳು ಸಿಕ್ಕವೆಂದು ಕರ್ನಾಟಕದ ಹಲವು ಕಡೆ ಗಲಾಟೆಯಾಯಿತು. ಅವು ಪ್ಲಾಸ್ಟಿಕ್ ಅಲ್ಲ, ಸಾರವರ್ಧಿತ ಅಕ್ಕಿಯ ಕಾಳುಗಳು. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಜೀವಸತ್ವ ಬೆರೆಸಿ, ಯಂತ್ರದಲ್ಲಿ ಅಕ್ಕಿಯ ಆಕಾರಕ್ಕೆ ಒತ್ತಿ, ನೂರು ಕಾಳಿಗೊಂದರಂತೆ ಸಾದಾ ಅಕ್ಕಿಗೆ ಸೇರಿಸುತ್ತಾರೆ. ಸರ್ಕಾರಿ ಯೋಜನೆಗಳ ಅಕ್ಕಿಯನ್ನೆಲ್ಲ 2024ರೊಳಗೆ ಹೀಗೆ ಸಾರವರ್ಧಿತಗೊಳಿಸುವುದಾಗಿ 2021ರ ಸ್ವಾತಂತ್ರ್ಯ ದಿನದಂದು ಪ್ರಧಾನಿ ಘೋಷಿಸಿದ್ದರು. ಘೋಷಣೆ ಕೆಂಪುಕೋಟೆಯಲ್ಲಾಯಿತು, ಕಾಳು ಬಂದು ಬಿದ್ದದ್ದು ಮೊರದಲ್ಲಿ. ನಡುವೆ ಹೇಳುವವರು ಯಾರೂ ಇರಲಿಲ್ಲ. ಜೀವಮಾನವಿಡೀ ಅಕ್ಕಿ ಆರಿಸಿದ ಹೆಂಗಸಿನ ಕಣ್ಣು ಆ ಕಾಳು ಬೇರೆಯದೆಂದು ಹೇಳಿದ್ದು ಸರಿಯಾಗಿಯೇ ಇತ್ತು; ತಪ್ಪಿದ್ದು ಹೆಸರು ಮಾತ್ರ. ‘ಪ್ಲಾಸ್ಟಿಕ್ ಅಲ್ಲ, ವದಂತಿ ನಂಬಬೇಡಿ’ ಎಂಬ ಪ್ರಕಟಣೆ ಆಮೇಲೆ ಬಂತು, ಆದರೆ ಅಷ್ಟರಲ್ಲಿ ಹೇಳಿಕೆ ತಪ್ಪಿತಸ್ಥನ ಸಮಜಾಯಿಷಿಯಂತೆ ಕೇಳಿಸತೊಡಗಿತ್ತು. ಇದರಲ್ಲಿ ನಿಜಕ್ಕೂ ಚರ್ಚಿಸಬೇಕಾದ ಸಂಗತಿಯೊಂದಿತ್ತು. ಥಲಸ್ಸೀಮಿಯಾ, ಕುಡಗೋಲು ಕಣ ರಕ್ತಹೀನತೆ ಇರುವವರಿಗೆ ಕಬ್ಬಿಣಾಂಶ ಸೇರಿಸಿದ ಆಹಾರದ ಬಗ್ಗೆ ಎಚ್ಚರಿಕೆ ಬೇಕೇ ಎಂಬ ಪ್ರಶ್ನೆ ನ್ಯಾಯಾಲಯದವರೆಗೂ ಹೋಗಿತ್ತು. ಚಾಮರಾಜನಗರ, ಮೈಸೂರು, ಕೊಡಗಿನ ಬುಡಕಟ್ಟು ಸಮುದಾಯಗಳಲ್ಲಿ ಕುಡಗೋಲು ಕಣದ ಕಾಯಿಲೆ ಇದೆ. ಪ್ಲಾಸ್ಟಿಕ್ಕಿನ ಗದ್ದಲದಲ್ಲಿ ಈ ಪ್ರಶ್ನೆ ಎಲ್ಲಿಯೋ ಮುಳುಗಿಹೋಯಿತು.

ಇದೇ ಕಣ್ಣಿನಿಂದ 2019ರ ಡಿಸೆಂಬರ್ 26ನ್ನೂ ನೋಡಬಹುದು. ಅಂದು ಕಂಕಣ ಸೂರ್ಯಗ್ರಹಣ. ಕಲಬುರಗಿ ಬಳಿಯ ತಾಜ್ ಸುಲ್ತಾನಪುರದಲ್ಲಿ ಅಂಗವೈಕಲ್ಯವಿದ್ದ ಮಕ್ಕಳನ್ನು ಗ್ರಹಣ ಬಿಡುವವರೆಗೆ ಕುತ್ತಿಗೆಯವರೆಗೂ ಮಣ್ಣಿನಲ್ಲಿ ಹೂತರು. ನಾಡೆಲ್ಲ ಛೀ ಎಂದಿತು, ಛೀ ಎನ್ನಬೇಕಾದದ್ದೇ. ಆದರೆ ಚಂದ್ರನ ನೆರಳು ಹೇಗೆ ಬೀಳುತ್ತದೆಂಬ ಪಾಠ ಆ ತಾಯಂದಿರಿಗೆ ಕೊಟ್ಟಿದ್ದರೆ ಏನಾಗುತ್ತಿತ್ತು? ಮಗು ನಡೆಯಲಿ ಎಂಬ ಆಸೆಗೆ ಅವರ ಕೈಗೆಟುಕಿದ ಏಕೈಕ ‘ಚಿಕಿತ್ಸೆ’ ಅದಾಗಿತ್ತು. ತಿಂಗಳಿಗೊಮ್ಮೆಯಾದರೂ ಫಿಸಿಯೋಥೆರಪಿ ಮಾಡುವವರು ಊರಿಗೆ ಬರುವಂತಿದ್ದರೆ ಗ್ರಹಣದ ಆಕರ್ಷಣೆ ತಾನಾಗಿ ಇಳಿಯುತ್ತಿತ್ತು. ಅದೇ ದಿನ ನಮ್ಮ ಸುದ್ದಿವಾಹಿನಿಗಳಲ್ಲಿ ಬೆಳಗಿನಿಂದ ಕೂತ ಜ್ಯೋತಿಷಿಗಳಿಗೆ ಮಾತ್ರ ಅಂಥ ಯಾವ ನೆವವೂ ಇರಲಿಲ್ಲ.

ಸೇವೆ ಮತ್ತು ನಂಬಿಕೆಯ ಈ ನಂಟು ನನ್ನ ಊಹೆಯಲ್ಲ. ಭಾರತದ ಪೋಲಿಯೊ ನಿರ್ಮೂಲನೆ ಅದಕ್ಕೆ ದೊಡ್ಡ ಸಾಕ್ಷಿ. 2002ರಲ್ಲಿ ದೇಶದಲ್ಲಿ 1,600 ಪ್ರಕರಣಗಳಿದ್ದವು, ಬಹುಪಾಲು ಉತ್ತರ ಪ್ರದೇಶದಲ್ಲಿ. ಹನಿ ಹಾಕಿಸಿದರೆ ಮಕ್ಕಳಿಗೆ ಮುಂದೆ ಸಂತಾನವಾಗುವುದಿಲ್ಲ ಎಂಬ ವದಂತಿ ಅಲ್ಲಿನ ಪಶ್ಚಿಮ ಜಿಲ್ಲೆಗಳ ಮುಸ್ಲಿಂ ಬಡಾವಣೆಗಳಲ್ಲಿ ಹಬ್ಬಿತ್ತು. ಅದರ ಹಿಂದೆ ಇನ್ನೊಂದು ತಕರಾರಿತ್ತು: ಮಗುವಿಗೆ ವಾಂತಿ ಭೇದಿಯಾದರೆ ಇತ್ತ ತಲೆಹಾಕದ ಸರ್ಕಾರ, ಪೋಲಿಯೊ ಹನಿ ಹಿಡಿದು ಮಾತ್ರ ಮತ್ತೆ ಮತ್ತೆ ಯಾಕೆ ಬಾಗಿಲು ಬಡಿಯುತ್ತದೆ? ನಿರಾಕರಣೆ ಕರಗಿದ್ದು ಈ ತಕರಾರಿಗೆ ಉತ್ತರ ಸಿಕ್ಕಾಗ. ಅದೇ ಬೀದಿಯ ಹೆಂಗಸರನ್ನು ಸಾವಿರಾರು ಸಂಖ್ಯೆಯಲ್ಲಿ ಪ್ರೇರಕರಾಗಿ ತೆಗೆದುಕೊಂಡರು. ಮಸೀದಿಗಳ ಇಮಾಮರು, ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದವರು ಜೊತೆಯಾದರು. ಉತ್ತರ ಪ್ರದೇಶ ಮತ್ತು ಬಿಹಾರದ ಅತಿ ಕಷ್ಟದ 107 ಬ್ಲಾಕುಗಳಲ್ಲಿ ಪೋಲಿಯೊ ಹನಿಯೊಂದಿಗೆ ಭೇದಿಯ ಚಿಕಿತ್ಸೆ, ಶುದ್ಧ ನೀರು, ನೈರ್ಮಲ್ಯ, ಉಳಿದ ಲಸಿಕೆಗಳನ್ನೂ ಹೊಂದಿಸಿದರು. 2010ರಲ್ಲಿ ಹೊಸ ಬಗೆಯ ಲಸಿಕೆಯೂ ಬಂತು. ಅದಿಲ್ಲದೆ ಬರೀ ವಿಶ್ವಾಸದಿಂದ ವೈರಸ್ ಸೋಲುತ್ತಿರಲಿಲ್ಲ, ಇದನ್ನು ಮರೆಯಬಾರದು. 2009ರಲ್ಲಿ 741 ಇದ್ದ ಪ್ರಕರಣ 2010ರಲ್ಲಿ 42ಕ್ಕೆ ಇಳಿದು, 2011ರ ಜನವರಿಯಲ್ಲಿ ಹೌರಾದ ಒಂದು ಮಗುವಿನೊಂದಿಗೆ ಕೊನೆಯಾಯಿತು.

ಇದು ಲಸಿಕೆಯ ಮಾತಾಯಿತು, ವಾಟ್ಸ್ಆ್ಯಪಿನ ಸುಳ್ಳಿಗೆ ಇದು ಒಗ್ಗುತ್ತದೆಯೇ ಎಂದು ಕೇಳಬಹುದು. ಬಿಹಾರದಲ್ಲೇ ನಡೆದ ಎರಡು ಕ್ಷೇತ್ರ ಪ್ರಯೋಗಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಉತ್ತರ ಸಿಗುತ್ತದೆ. 2019ರ ಲೋಕಸಭಾ ಚುನಾವಣೆಯ ಹೊತ್ತಿನಲ್ಲಿ ಸಂಶೋಧಕಿ ಸುಮಿತ್ರಾ ಬದ್ರಿನಾಥನ್ ಸುಮಾರು ಸಾವಿರದ ಇನ್ನೂರು ಮಂದಿಯನ್ನು ಆರಿಸಿಕೊಂಡು, ಅವರಲ್ಲಿ ಒಂದು ಪಾಲಿಗೆ ಸುಳ್ಳು ಸುದ್ದಿ ಗುರುತಿಸುವ ಒಂದು ಗಂಟೆಯ ತರಬೇತಿ ಕೊಡಿಸಿದರು. ಒಟ್ಟಾರೆ ಯಾವ ಪರಿಣಾಮವೂ ಕಾಣಲಿಲ್ಲ. ಕೆಲವು ಪಕ್ಷನಿಷ್ಠರಲ್ಲಿ ತಿರುಗುಬಾಣವೇ ಆಯಿತು. ಕೆಲವು ವರ್ಷಗಳ ಬಳಿಕ ಅವರೇ ಇತರ ಸಂಶೋಧಕರೊಂದಿಗೆ ಸೇರಿ ಬೇರೊಂದು ದಾರಿ ಹಿಡಿದರು. ಹದಿಮೂರು ಸಾವಿರಕ್ಕೂ ಹೆಚ್ಚು ಶಾಲಾ ವಿದ್ಯಾರ್ಥಿಗಳನ್ನು ಒಳಗೊಂಡ ಪ್ರಯೋಗದಲ್ಲಿ, ಊರಿನ ಗ್ರಂಥಾಲಯಗಳಲ್ಲಿ, ಮೂರು ತಿಂಗಳಿಗೂ ಮೀರಿ ಹಂತ ಹಂತವಾಗಿ ತರಗತಿಗಳು ನಡೆದವು. ಈ ಸಲ ಮಕ್ಕಳು ಆರೋಗ್ಯ ಕುರಿತ ಸುಳ್ಳನ್ನು ಬೇರ್ಪಡಿಸುವುದರಲ್ಲಿ ಸ್ಪಷ್ಟವಾಗಿ ಮುಂದಾದರು, ತಿಂಗಳುಗಳ ಬಳಿಕವೂ ಅದು ಉಳಿದಿತ್ತು, ಮನೆಯ ಹಿರಿಯರಿಗೂ ಅಷ್ಟಿಷ್ಟು ಹರಡಿತ್ತು. ರಾಜ್ಯ ಅದೇ, ವಿಷಯ ಬಹುಮಟ್ಟಿಗೆ ಅದೇ. ವಯಸ್ಸಿನ ವ್ಯತ್ಯಾಸವನ್ನು ಬಿಡುವಂತಿಲ್ಲ, ಆದರೂ ಬಂದು ಹೇಳಿ ಹೋಗುವುದಕ್ಕೂ ಒಂದೆಡೆ ನೆಲೆನಿಂತು ಕಲಿಸುವುದಕ್ಕೂ ಇರುವ ಅಂತರ ಇಲ್ಲಿ ಎದ್ದು ಕಾಣುತ್ತದೆ.

ಕನ್ನಡದಲ್ಲಿ ಈ ನೆಲೆನಿಲ್ಲುವ ಕೆಲಸಕ್ಕೆ ನೂರು ವರ್ಷದ ಚರಿತ್ರೆಯಿದೆ. ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ಆರಂಭಿಸಿದ ‘ವಿಜ್ಞಾನ’ ಮಾಸಪತ್ರಿಕೆ ಎರಡೇ ವರ್ಷ ಬದುಕಿತು. ಶಿವರಾಮ ಕಾರಂತರು ಒಬ್ಬರೇ ಕೂತು ಮಕ್ಕಳಿಗೆ ‘ಬಾಲ ಪ್ರಪಂಚ’, ದೊಡ್ಡವರಿಗೆ ‘ವಿಜ್ಞಾನ ಪ್ರಪಂಚ’ ಬರೆದರು. ‘ಬಾಲವಿಜ್ಞಾನ’ ಪತ್ರಿಕೆ 1978ರಿಂದ ಶಾಲೆಗಳನ್ನು ಮುಟ್ಟಿತು. ಎಚ್. ನರಸಿಂಹಯ್ಯನವರ ಎರಡು ಕೆಲಸಗಳನ್ನು ಹೋಲಿಸಿದರೆ ಒಂದು ವಿಷಯ ಹೊಳೆಯುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳ ಪರಿಶೀಲನೆಗೆ ಅವರು ರಚಿಸಿದ ಸಮಿತಿ ದೇಶದಾದ್ಯಂತ ಸುದ್ದಿಯಾಯಿತು. ಸತ್ಯ ಸಾಯಿಬಾಬಾ ಅವರಿಗೆ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ, ಸಮಿತಿ ಬಹುಕಾಲ ಉಳಿಯಲೂ ಇಲ್ಲ. 1962ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಅವರು ಶುರುಮಾಡಿದ ಬೆಂಗಳೂರು ಸೈನ್ಸ್ ಫೋರಂ ಮಾತ್ರ ವಾರ ವಾರ ಉಪನ್ಯಾಸ ನಡೆಸುತ್ತಾ ದಶಕಗಳನ್ನು ದಾಟಿತು. ಯಾರು ಬೇಕಾದರೂ ಬಂದು ಕೂತು, ಕೊನೆಯಲ್ಲಿ ಎದ್ದು ನಿಂತು ವಿಜ್ಞಾನಿಯನ್ನು ಪ್ರಶ್ನಿಸಬಹುದಾಗಿದ್ದ ಜಾಗ ಅದು. ಸವಾಲು ಹಾಕುವ ಧೈರ್ಯವನ್ನು ನಾನು ಕಡೆಗಣಿಸುತ್ತಿಲ್ಲ. ವಿಚಾರವಾದಿಗಳಾದ ದಾಭೋಲ್ಕರ್, ಕಲಬುರ್ಗಿಯವರ ಹತ್ಯೆಯ ನಂತರ ಆ ಧೈರ್ಯದ ಬೆಲೆ ಏನೆಂದು ಗೊತ್ತಿದೆ. ಆದರೆ ಸುದ್ದಿಯಾಗದ ಆ ವಾರದ ಸಭೆಯೇ ಹೆಚ್ಚು ದೂರ ಹೋಯಿತೆಂದು ನನ್ನ ಎಣಿಕೆ. ಅದರಂಥದ್ದು ಬೆಂಗಳೂರಿನಾಚೆ ಎಷ್ಟು ತಾಲ್ಲೂಕುಗಳಲ್ಲಿ ಬೇರೂರಿತು ಎಂದು ಕೇಳಿದರೆ ಸಮಾಧಾನದ ಉತ್ತರವಿಲ್ಲ.

ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಇದು: ಜನರ ಪ್ರಶ್ನೆಗೆ ಇಷ್ಟು ಗೌರವ ಕೊಟ್ಟರೆ ಸತ್ಯವನ್ನು ಕೈ ಎತ್ತಿಸಿ ತೀರ್ಮಾನಿಸಿದಂತಾಗುವುದಿಲ್ಲವೇ? 2010ರ ಕುಲಾಂತರಿ ಬಿಟಿ ಬದನೆಯ ಪ್ರಸಂಗವನ್ನು ಇದಕ್ಕೆ ಎತ್ತಿ ತೋರಿಸುವವರಿದ್ದಾರೆ. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಏಳು ನಗರಗಳಲ್ಲಿ ಸಾರ್ವಜನಿಕ ಸಭೆ ನಡೆಸಿದರು. ಕೊನೆಯ ಬೆಂಗಳೂರಿನ ಸಭೆಯೂ ಸೇರಿ ಹಲವು ಕಡೆ ಕೂಗಾಟವೇ ಹೆಚ್ಚು. ತಜ್ಞರ ಸಮಿತಿ ಒಪ್ಪಿದ್ದ ತಳಿಗೆ ಫೆಬ್ರುವರಿ 9ರಂದು ತಡೆ ಬಿತ್ತು. ನೆರೆಯ ಬಾಂಗ್ಲಾದೇಶ 2013ರಲ್ಲಿ ಅದೇ ತಂತ್ರಜ್ಞಾನಕ್ಕೆ ಒಪ್ಪಿಗೆ ಕೊಟ್ಟಿತು. ಆ ತಳಿಯಲ್ಲಿನ ಬಿಟಿ ಪ್ರೋಟೀನು ಮನುಷ್ಯನ ಕರುಳಿನಲ್ಲಿ ಏನು ಮಾಡುತ್ತದೆ ಎಂಬುದು ಪ್ರಯೋಗಾಲಯದ ಪ್ರಶ್ನೆ, ಅದಕ್ಕೆ ಮತದಾನವಿಲ್ಲ. ಆದರೆ ಬೀಜ ಯಾರ ಸೊತ್ತಾಗುತ್ತದೆ, ಪಕ್ಕದ ಹೊಲಕ್ಕೆ ಪರಾಗ ಹೋದರೆ ಹೊಣೆ ಯಾರದು, ಉಡುಪಿಯ ಗುಳ್ಳದಂಥ ಸ್ಥಳೀಯ ತಳಿಗೆ ವಂಶವಾಹಿ ಸೇರಿಸುವ ಮೊದಲು ಬೆಳೆಗಾರರನ್ನು ಕೇಳಬೇಕೇ ಎಂಬ ಪ್ರಶ್ನೆಗಳಿಗೆ ತಜ್ಞರ ಮತ ಒಂದು ಮತ ಮಾತ್ರ. ಎರಡೂ ಬಗೆಯ ಪ್ರಶ್ನೆಗಳು ಒಂದೇ ಸಭಾಂಗಣದಲ್ಲಿ ಕಲಸಿಹೋದದ್ದಕ್ಕೆ ಕಾರಣ, ಎರಡನೆಯ ಬಗೆಯವನ್ನು ಕೇಳಲು ಅದಕ್ಕೆ ಮುಂಚೆ ಜಾಗವೇ ಇಲ್ಲದಿದ್ದದ್ದು. ತಳಿ ಪೂರ್ತಿ ಸಿದ್ಧವಾದ ಮೇಲೆ ಕರೆದು ಹೌದೋ ಅಲ್ಲವೋ ಎಂದರೆ ಜನ ಕೈಗೆ ಸಿಕ್ಕ ವಾದವನ್ನೆಲ್ಲ ಬೀಸುತ್ತಾರೆ, ಅದರಲ್ಲಿ ಸುಳ್ಳೂ ಇರುತ್ತದೆ.

ವಿಜ್ಞಾನ ತನ್ನ ಅನಿಶ್ಚಿತತೆಯನ್ನು ಬಿಚ್ಚಿಟ್ಟರೆ ವೈರಿಗಳಿಗೆ ಅಸ್ತ್ರ ಕೊಟ್ಟಂತೆ ಎಂಬುದು ಇನ್ನೊಂದು ಭಯ. 2020ರ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆ ‘ಸತ್ಯಾಂಶ’ ಎಂಬ ತಲೆಬರಹ ಕೊಟ್ಟು, ಕೋವಿಡ್ ಗಾಳಿಯಿಂದ ಹರಡುವುದಿಲ್ಲ ಎಂದು ಪ್ರಕಟಿಸಿತು. ತಪ್ಪು ತಿಳಿವಳಿಕೆಯನ್ನು ಅಳಿಸಲೆಂದೇ ಹೊರಟ ಸಂದೇಶವದು. ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳಿಂದ ಹರಡುತ್ತದೆಂದು ಆಮೇಲೆ ಅದೇ ಸಂಸ್ಥೆ ಒಪ್ಪಬೇಕಾಯಿತು. ‘ಈಗಿನ ಸಾಕ್ಷ್ಯ ಇಷ್ಟು, ಬದಲಾಗಬಹುದು, ಅಲ್ಲಿಯವರೆಗೆ ಕಿಟಕಿ ತೆರೆದಿಡಿ’ ಎಂದಿದ್ದರೆ ಹಿಂತೆಗೆದುಕೊಳ್ಳುವ ಮುಜುಗರ ಇರುತ್ತಿರಲಿಲ್ಲ. ಹುಸಿ ಖಚಿತತೆ ಎಷ್ಟು ದುಬಾರಿ ಎಂಬುದನ್ನು ಕಂಬ್ರಿಯಾದ ಮೂರು ವಾರವೂ ಹೇಳಿತ್ತು.

ಹಾಗಾದರೆ ದುಡ್ಡು ಕೊಟ್ಟು ಸುಳ್ಳು ಹಬ್ಬಿಸುವವರನ್ನು ಏನು ಮಾಡುವುದು? ಸಕ್ಕರೆ ಕಾಯಿಲೆಗೆ ಪುಡಿ ಮಾರುವವನ ಮುಂದೆ ವಿಶ್ವಾಸದ ಮಾತಿಗೆ ಬೆಲೆಯಿಲ್ಲ, ಅವನಿಗೆ ಕಾನೂನೇ ಬೇಕು. ಸುಳ್ಳು ಔಷಧ ಜಾಹೀರಾತಿನ ವಿರುದ್ಧ 1954ರಿಂದ ಕಾಯ್ದೆಯಿದೆ, ಅದನ್ನು ಜಾರಿ ಮಾಡುವುದರಲ್ಲಿ ಉದಾಸೀನವೂ ಇದೆ. ಆದರೆ ವಿಜ್ಞಾನದ ಸತ್ಯಾಸತ್ಯವನ್ನೇ ಸರ್ಕಾರದ ಕೈಗೆ ಕೊಡುವ ಉಪಾಯ ಬೇರೆ. ಕೇಂದ್ರ ತನ್ನ ಕುರಿತ ಸುದ್ದಿಗೆ ತಾನೇ ಸತ್ಯಪರಿಶೀಲಕನಾಗಲು ತಂದ ನಿಯಮವನ್ನು ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರಿನಲ್ಲಿ ರದ್ದುಗೊಳಿಸಿತು. 2025ರ ಜೂನಿನಲ್ಲಿ ಹೊರಬಿದ್ದ ಕರ್ನಾಟಕದ ಸುಳ್ಳು ಸುದ್ದಿ ತಡೆ ಮಸೂದೆಯ ಕರಡಿನಲ್ಲಿ ವಿಜ್ಞಾನ, ಇತಿಹಾಸ, ಧರ್ಮದ ಕುರಿತ ಬರಹ ಅಧಿಕೃತ ಸಂಶೋಧನೆಯನ್ನೇ ಆಧರಿಸಿರಬೇಕೆಂಬ ಮಾತಿತ್ತು, ತಪ್ಪಿದರೆ ಏಳು ವರ್ಷದವರೆಗೆ ಸೆರೆಯ ಪ್ರಸ್ತಾಪವೂ ಇತ್ತು. ಅಂಥ ಕಾನೂನು 2015ರಲ್ಲಿ ಇದ್ದಿದ್ದರೆ, ಮಂಗನ ಕಾಯಿಲೆಯ ಲಸಿಕೆ ಕೆಲಸ ಮಾಡುತ್ತಿಲ್ಲವೆಂದು ಬರೆದ ಸಾಗರದ ಯುವಕನೊಬ್ಬ ಅಪರಾಧಿಯಾಗುತ್ತಿದ್ದ. 2020ರ ಏಪ್ರಿಲಿನಲ್ಲಿ ಕೊರೊನಾ ಗಾಳಿಯಿಂದ ಹರಡುತ್ತದೆ ಎಂದವನ ಗತಿಯೂ ಅಷ್ಟೆ.

ಮಂಗನ ಕಾಯಿಲೆಗೆ ಈಗ ಹೊಸ ಲಸಿಕೆ ತಯಾರಾಗುತ್ತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಅದರಲ್ಲಿ ತೊಡಗಿವೆ. ಅದು ಮಲೆನಾಡಿಗೆ ಬಂದ ದಿನ ಆಶಾ ಕಾರ್ಯಕರ್ತೆಗೆ ಜಗುಲಿಯ ಮೇಲೆ ಎದುರಾಗುವ ಮೊದಲ ಪ್ರಶ್ನೆ ಏನೆಂದು ಈಗಲೇ ಹೇಳಬಹುದು: ಹಳೆಯದು ಕೆಲಸ ಮಾಡಲಿಲ್ಲ, ಇದು ಮಾಡುತ್ತದೆಂದು ಹೇಗೆ ನಂಬುವುದು? ಹಳೆಯ ಲಸಿಕೆ ಎಲ್ಲಿ ಸೋತಿತು, ಹೊಸದನ್ನು ಎಷ್ಟು ಜನರ ಮೇಲೆ ಪರೀಕ್ಷಿಸಿದರು, ಎಷ್ಟು ಜನರಲ್ಲಿ ಫಲ ಕೊಟ್ಟಿತು, ಅಡ್ಡಪರಿಣಾಮವಾದರೆ ಯಾವ ವೈದ್ಯರಿಗೆ ಫೋನ್ ಮಾಡಬೇಕು ಎಂಬುದೆಲ್ಲ ಕನ್ನಡದಲ್ಲಿ ಅಚ್ಚಾಗಿ ಅವಳ ಚೀಲದಲ್ಲಿ ಇರಬೇಕು. ಅದಕ್ಕೂ ಒಂದು ವರ್ಷ ಮೊದಲೇ ಗ್ರಾಮಸಭೆಯಲ್ಲಿ ಅದನ್ನು ಓದಿ, ಬೈಗುಳವನ್ನೂ ಕೇಳಿಸಿಕೊಂಡು, ಊರವರು ಎತ್ತಿದ ಪ್ರಶ್ನೆಗಳನ್ನು ಬರೆದುಕೊಂಡು ಹೋದ ಅಧಿಕಾರಿ ಮುಂದಿನ ಸಭೆಗೆ ಉತ್ತರದೊಂದಿಗೆ ಮರಳಿ ಬಂದಿರಬೇಕು.